ಭಾನುವಾರ ರಾತ್ರಿ ಮಂಡಿ ಲೆಕ್ಕದ ತಂತ್ರಾಂಶ ನಿಲ್ಲುತ್ತದೆ: ಯಾಕೆ ಅಂದರೆ

ಕೋಲಾರ ಎಪಿಎಂಸಿಯ ನಮ್ಮ ಟೊಮೆಟೊ ಮಂಡಿ ಮಾಲೀಕರಿಗೆ, ಗುಮಾಸ್ತರಿಗೆ ನಮಸ್ಕಾರ.

ಈ ಭಾನುವಾರ ರಾತ್ರಿ 10ರಿಂದ 2 ಗಂಟೆವರೆಗೆ ತಂತ್ರಾಂಶ ತೆರೆಯುವುದಿಲ್ಲ. ಬೆಳಗಿನ ಹರಾಜಿನ ಹೊತ್ತಿಗೆ ಸಿದ್ಧವಿರುತ್ತದೆ. ನೀವು ನೋಡುವ ಪರದೆ ಹಾಗೇ ಇರುತ್ತದೆ. ಹಳೇ ಲೆಕ್ಕವನ್ನೂ ಮುಟ್ಟುವುದಿಲ್ಲ. ಬದಲಾಗುವುದು ಒಳಗಿನ ಕೆಲಸ. ಅದಕ್ಕೆ ಕಾರಣ ನಮ್ಮದೇ ಒಂದು ತಪ್ಪು, ಹಾಗಾಗಿ ಬಿಡಿಸಿ ಹೇಳುತ್ತೇವೆ.

ಹೋದ ಸೀಸನ್‌ನಲ್ಲಿ ರೈತರ ಪಟ್ಟಿಗೆ, ಅಂದರೆ ಮಾರಾಟದ ಲೆಕ್ಕ ಬರೆದು ರೈತನಿಗೆ ಕೊಡುವ ಚೀಟಿಗೆ, ಬಾಕ್ಸ್ ಬಾಡಿಗೆಯ ಕಾಲಂ ಸೇರಿಸಿದೆವು. ನಮ್ಮ ಪೈಥಾನ್ ಪ್ರೋಗ್ರಾಮಿನಲ್ಲಿ ಲೆಕ್ಕವೆಲ್ಲ ಕೂಡಿಟ್ಟ ಡೇಟಾಬೇಸ್‌ಗೆ ಹೋಗುವ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಸಾಲುಗಳನ್ನು ಕೈಯಲ್ಲೇ ಬರೆದಿದ್ದೆವು, ಹತ್ತಾರು ಕಡೆ. ಎಲ್ಲ ಕಡೆ ತಿದ್ದಿ ಒಂದು ಕಡೆ ಬಿಟ್ಟೆವು. ಪಟ್ಟಿಯಲ್ಲಿ ಬಾಡಿಗೆ ಕಳೆಯಿತು, ತಿಂಗಳ ಬಾಕಿ ವರದಿಯಲ್ಲಿ ಕಳೆಯಲಿಲ್ಲ. ತಾಳೆಯಾಗದೆ ಒಬ್ಬ ಗುಮಾಸ್ತರು ರಾತ್ರಿಯೆಲ್ಲ ಪುಸ್ತಕ ಹಿಡಿದು ಕೂತರು. ಅದು ನಮಗೆ ಇನ್ನೂ ನೋವಿನ ವಿಷಯ.

ಈಗ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಓಆರ್‌ಎಂಗೆ ಬರುತ್ತಿದ್ದೇವೆ. ಓಆರ್‌ಎಂ ಅಂದರೆ ಪ್ರೋಗ್ರಾಮಿಗೂ ಡೇಟಾಬೇಸ್‌ಗೂ ನಡುವೆ ನಿಂತು ಮಾತು ಅನುವಾದಿಸುವ ಸಲಕರಣೆ. 2006ರಿಂದ ಇರುವ ಓಪನ್ ಸೋರ್ಸ್ ಲೈಬ್ರರಿ ಇದು. ಇದರಲ್ಲಿ ರೈತರ ಟೇಬಲ್‌ಗೆ 'ರೈತ' ಅಂತ ಒಂದು ಕ್ಲಾಸ್, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಅಚ್ಚು. ಟೇಬಲ್ಲಿನ ಒಂದೊಂದು ಸಾಲೂ ಒಬ್ಬೊಬ್ಬ ರೈತ. 'ಈ ರೈತನ ಪಟ್ಟಿಗಳು' ಅಂತ ಪೈಥಾನ್‌ನಲ್ಲೇ ಕೇಳಿದರೆ ಬೇಕಾದ ಎಸ್‌ಕ್ಯೂಎಲ್ ಅದೇ ಬರೆದುಕೊಳ್ಳುತ್ತದೆ. ಕಮಿಷನ್, ಬಾಡಿಗೆ ಕಳೆಯುವ ಲೆಕ್ಕವನ್ನು 'ಪಟ್ಟಿ' ಕ್ಲಾಸಿನಲ್ಲಿ ಒಂದೇ ಕಡೆ ಇಟ್ಟಿದ್ದೇವೆ. ಮುದ್ರಣಕ್ಕೂ ವರದಿಗೂ ಅಲ್ಲಿಂದಲೇ ಹೋಗುತ್ತದೆ.

ಡಿ'ಸೋಜ ಅಂತ ಹೆಸರು ಹೊಡೆದರೆ ಎರರ್ ಬರುತ್ತಿತ್ತು, ಅಲ್ವಾ? ಆ ಚಿಕ್ಕ ಗುರುತನ್ನು ಡೇಟಾಬೇಸ್ ತನಗೆ ಕೊಟ್ಟ ಆದೇಶದ ಭಾಗ ಅಂದುಕೊಳ್ಳುತ್ತಿತ್ತು. ಇನ್ನು ಹೆಸರು ಬೇರೆಯಾಗಿ, ಬರೀ ಮಾಹಿತಿಯಾಗಿ ಹೋಗುತ್ತದೆ. ಕಿಡಿಗೇಡಿಗಳು ಹುಡುಕುವ ಜಾಗದಲ್ಲಿ ಆದೇಶ ತುರುಕುವ ದಾರಿಯೂ ಇದರಿಂದ ಮುಚ್ಚುತ್ತದೆ.

ಪ್ರಯೋಗದಲ್ಲಿ ಒಂದು ತೊಂದರೆ ಕಂಡಿತು. ದಿನದ ಪಟ್ಟಿಗಳು ತೆರೆಯಲು ಜಾಸ್ತಿ ಹೊತ್ತು ಹಿಡಿಯಿತು. 200 ಪಟ್ಟಿ ತರಲು ಡೇಟಾಬೇಸ್‌ಗೆ ಒಂದು ಪ್ರಶ್ನೆ, ಆಮೇಲೆ ಒಬ್ಬೊಬ್ಬ ರೈತನ ಹೆಸರಿಗೂ ಒಂದೊಂದು. ಒಟ್ಟು 201! ಟೆಂಪೋ ನಿಂತಿದ್ದರೂ ಒಂದೊಂದೇ ಬಾಕ್ಸ್ ಹೊತ್ತು ನಡೆದ ಹಾಗೆ. ಓಆರ್‌ಎಂ ಸುಮ್ನೆ ಹಾಕಿದರೆ ಹೀಗೇ ಆಗುವುದು. ಎಲ್ಲ ರೈತರ ಹೆಸರನ್ನೂ ಒಟ್ಟಿಗೆ ತರುವ 'ಸೆಲೆಕ್ಟ್‌ಇನ್‌ಲೋಡ್' ಎಂಬ ಸೂಚನೆ ಕೊಟ್ಟು ಎರಡೇ ಪ್ರಶ್ನೆಗೆ ಇಳಿಸಿದ್ದೇವೆ.

ಸೋಮವಾರ ಮೊದಲ ಹತ್ತು ಪಟ್ಟಿಗಳನ್ನು ದಯವಿಟ್ಟು ಪುಸ್ತಕದ ಜೊತೆ ತಾಳೆ ನೋಡಿ. ಒಂದು ರೂಪಾಯಿ ವ್ಯತ್ಯಾಸ ಕಂಡರೂ ಫೋನ್ ಮಾಡಿ. ಅವತ್ತು ಬೆಳಗ್ಗೆ ನಮ್ಮಲ್ಲಿ ಇಬ್ಬರು ಯಾರ್ಡ್‌ನಲ್ಲೇ ಇರುತ್ತೇವೆ.

ಇಂತಿ,
ನಿಮ್ಮ ಲೆಕ್ಕದ ತಂತ್ರಾಂಶದ ತಂಡ, ಕೋಲಾರ