ಲಡಾಖಿಗೆ ಮಗನನ್ನು ಕಳಿಸಿದ ಗೆಳೆಯನಿಗೆ

ಪ್ರಿಯ ಬಸೂ,

ಸೈನ್ಯದಲ್ಲಿರುವ ನಿನ್ನ ಮಗನಿಗೆ ಲಡಾಖಿನ ಕಡೆಗೆ ವರ್ಗವಾಯಿತೆಂದು ನೀನು ಫೋನಿನಲ್ಲಿ ಹೇಳಿದಂದಿನಿಂದ ಈ ಪತ್ರ ಮನಸ್ಸಿನಲ್ಲಿತ್ತು. ನಾಲ್ಕು ಜನ ಓದುವ ಕಡೆಯಲ್ಲಿಯೇ ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿ ನಿನಗೆ ಹೇಳುವುದು ಎಷ್ಟಿದೆಯೋ ಅವರಿಗೆ ಹೇಳುವುದೂ ಅಷ್ಟೇ ಇದೆ. ಗದಗ ಸ್ಟೇಷನ್ನಿನ ಛತ್ರಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

2025ರ ಮೇ ತಿಂಗಳ ಆ ರಾತ್ರಿಗಳು ನನ್ನನ್ನು ಇನ್ನೂ ಬಿಟ್ಟಿಲ್ಲ. ಆಪರೇಷನ್ ಸಿಂಧೂರದ ಹೊತ್ತಿನಲ್ಲಿ ಕೆಲವು ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು ಸುಳ್ಳುಸುದ್ದಿ ಬಿತ್ತರಿಸಿದಾಗ ನಮ್ಮ ಓಣಿಯಲ್ಲಿ ಪಟಾಕಿ ಹಚ್ಚಿದರು. ಮೇ 10ರ ಸಂಜೆ ಕದನವಿರಾಮದ ಸುದ್ದಿ ಬಂದಾಗ ಅದೇ ಜನರ ಮುಖ ಬಾಡಿತು. ಆ ಸುದ್ದಿಯನ್ನು ದೇಶಕ್ಕೆ ತಿಳಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರನ್ನೂ ಅವರ ಮನೆಯವರನ್ನೂ ಜಾಲತಾಣಗಳಲ್ಲಿ ಬಾಯಿಗೆ ಬಂದಂತೆ ಬೈದರು. ಗಡಿಯಲ್ಲಿ ನಿಂತವರ ತಾಯಂದಿರು ಅಂದು ನಿಟ್ಟುಸಿರು ಬಿಟ್ಟಿರಬೇಕು. ಗುಂಡಿನ ಸದ್ದೂ ಕೇಳದಷ್ಟು ದೂರದಲ್ಲಿದ್ದ ನಮ್ಮವರಿಗೆ ನಿರಾಶೆಯಾಗಿತ್ತು.

ಇದೇ ಜನರ ಇನ್ನೊಂದು ಮುಖವನ್ನೂ ನಾವಿಬ್ಬರು ಕಂಡಿದ್ದೇವೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 8ರಂದು ಜೀವಂತವಾಗಿ ಸಿಕ್ಕಾಗ ಗುಡಿ, ಮಸೀದಿ, ಶಾಲೆ ಎನ್ನದೆ ಎಲ್ಲೆಡೆ ಪ್ರಾರ್ಥಿಸಿದರು; ಉತ್ತರ ಪ್ರದೇಶದ ಹೆಣ್ಣುಮಗಳೊಬ್ಬಳು ತನ್ನ ಮೂತ್ರಪಿಂಡ ಕೊಡುವೆನೆಂದಳು. 11ರಂದು ಅವರು ತೀರಿಕೊಂಡರು. ಅಲ್ಲಿ ಸೇಡು ತೀರಿಸಿಕೊಳ್ಳಲು ಶತ್ರುವೇ ಇರಲಿಲ್ಲವಾದ್ದರಿಂದ, ಆ ಜೀವ ಉಳಿಯಲಿ ಎಂಬ ಒಂದೇ ಹಂಬಲ ನಮ್ಮಲ್ಲಿ ಉಳಿದಿತ್ತು. ಹಿಮದ ಜಾಗದಲ್ಲಿ ಗುಂಡು ಬಂದೊಡನೆ ಆ ಹಂಬಲ ಎಲ್ಲಿಗೆ ಹೋಗುತ್ತದೆ, ಬಸೂ?

ಕಾರ್ಗಿಲ್ ಯುದ್ಧದಲ್ಲಿ ತೊಲೋಲಿಂಗ್ ಶಿಖರ ಗೆದ್ದೆವೆಂದು ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಶ್ರೀನಗರ–ಲೇಹ್ ಹೆದ್ದಾರಿ ಕಾಣುವ ಆ ಬೋಳು ಬೆಟ್ಟದ ತುದಿಯಲ್ಲಿ ಶತ್ರುವಿದ್ದ; ಹಗಲಿನಲ್ಲಿ ಕದಲಿದರೆ ಮೇಲಿನಿಂದ ಕಾಣುತ್ತದೆಂದು ನಮ್ಮವರು ಕತ್ತಲಲ್ಲಿ ಹತ್ತಬೇಕಿತ್ತು. ನಮ್ಮ ಕನ್ನಡಿಗ ಕರ್ನಲ್ ಎಂ.ಬಿ. ರವೀಂದ್ರನಾಥ್ ಅವರ 2 ರಜಪೂತಾನಾ ರೈಫಲ್ಸ್ 1999ರ ಜೂನ್ 13ರಂದು ಅದನ್ನು ಹಿಡಿಯುವ ಮೊದಲು ಅದೇ ಇಳಿಜಾರಿನಲ್ಲಿ ಬೇರೆ ತುಕಡಿಯ ಎಷ್ಟೋ ಜನ ಬಿದ್ದಿದ್ದರು. ಅದೇ ಪಡೆಯ ಕ್ಯಾಪ್ಟನ್ ವಿಜಯಂತ್ ಥಾಪರ್, 22 ವರ್ಷದ ಹುಡುಗ, ಆ ತಿಂಗಳ ಕೊನೆಯಲ್ಲಿ ಮತ್ತೊಂದು ಶಿಖರಕ್ಕೆ ಹೊರಡುವ ಮುನ್ನ ಮನೆಗೆ ಪತ್ರ ಬರೆದಿಟ್ಟ. ತಾನು ನೆರವಾಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ಮುಂದುವರಿಸಿರೆಂದು ಅದರಲ್ಲಿ ಕೇಳಿಕೊಂಡಿದ್ದ. ಅವನು ಮರಳಲಿಲ್ಲ. ಪಟಾಕಿಯ ಸದ್ದಿನಲ್ಲಿ ನನಗೆ ನೆನಪಾದದ್ದು ಆ 50 ರೂಪಾಯಿ.

ನಿನಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ನನ್ನ ಮಗ ಸೇನಾಧಿಕಾರಿಯಾಗಲು ಬರೆಯುವ ಎನ್‌ಡಿಎ ಪರೀಕ್ಷೆಯ ಅರ್ಜಿ ತಂದು ಮುಂದಿಟ್ಟಾಗ ನಾನು ಬೇಡವೆಂದೆ. ಎಂಜಿನಿಯರಿಂಗ್ ಓದು ಎಂದು ಅವನಿಗೆ ಕಾರಣ ಹೇಳಿದೆ. ಅವನನ್ನು ಪೆಟ್ಟಿಗೆಯಲ್ಲಿ ತಂದಾರೆಂಬ ಭಯವೇ ಒಳಗಿನ ಕಾರಣವಾಗಿತ್ತು. ಇಂದು ಕೇಳಿದರೂ ಬೇಡವೆಂದೇ ಹೇಳುತ್ತೇನೆ. ಆದ್ದರಿಂದಲೇ ಅಂದು ಫೋನಿನಲ್ಲಿ ‘ಹೆಮ್ಮೆಯ ಸಂಗತಿ’ ಎನ್ನಲು ನನಗೆ ಬಾಯಿ ಬರಲಿಲ್ಲ. ವೈನಿಯವರು ಫೋನು ತೆಗೆದುಕೊಂಡು, “ಅಲ್ಲಿ ಥಂಡಿ ಭಾಳ ಅಂತ್ರಿ, ಅಣ್ಣಾರ” ಎಂದರಲ್ಲ, ನಾನು ಹೇಳಲಾಗದ್ದೆಲ್ಲ ಆ ಒಂದು ಮಾತಿನಲ್ಲಿತ್ತು.

ಇರಲಿ, ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಮಗ ರಜೆಗೆ ಬಂದಾಗ ಮೊದಲು ನಮ್ಮ ಮನೆಗೆ ಕರೆದುಕೊಂಡು ಬಾ. ಶಾಲು, ಹಾರ, ಸನ್ಮಾನ ಏನೂ ಇರುವುದಿಲ್ಲ; ಬಿಸಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ ಇರುತ್ತವೆ. ಮಾಸ್ತರರ ಸೈಕಲ್ಲಿನ ಕಥೆಯನ್ನು ಅವನಿಗೆ ನಾನೇ ಹೇಳುತ್ತೇನೆ, ನೀನು ನಡುವೆ ಬಾಯಿ ಹಾಕಬಾರದು.

ನಿನ್ನ,
ಶಂಕ್ರ್ಯಾ