ಆ ಉಳಿ ನಿನ್ನ ಕೈಗೂ ಕೊಡಬೇಕಿತ್ತು

ತಿಪಟೂರು
ಮೇ 13, ಮಂಗಳವಾರ

ಚಿ. ಸೌ. ಶೋಭಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಚಿನ್ನುವಿನ ಕೈ ಹೇಗಿದೆ? ರಾತ್ರಿ ನೋವು ಅಂತ ಏಳುತ್ತಾಳಾ? ಗಾಯ ಒಣಗುತ್ತಿದೆ ಅಂತ ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಕೊಡು ಅಂತ ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ನೀನು ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು. "ನನಗೆ ಮುಟ್ಟೋಕೂ ಬಿಡ್ಲಿಲ್ಲ. ಅವಳ ಕೈಗೆ ಕೊಟ್ಟೆಯಲ್ಲಪ್ಪ." ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಮೆಲ್ಲಗೆ ಹೇಳಿದೆ. ಮಗುವಿನ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದೆ, ಹೊರಟೆ. ಮೂರು ದಿನದಿಂದ ಆ ಮಾತು ಮನೆಯಲ್ಲೇ ಓಡಾಡುತ್ತಿದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಗುರುವಾರ ಬೆಳಿಗ್ಗೆಯಿಂದ ಮೋಡ ಇತ್ತು. ಅಚ್ಚು ಕೆತ್ತುವ ಲಿನೋ ಹಾಳೆ ಗಟ್ಟಿಯಾಗಿತ್ತು. ದಿನಾ ಅದನ್ನು ಐದು ನಿಮಿಷ ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಅವಳ ಕೈಗೆ ಕೊಡುತ್ತಿದ್ದೆ. ಅವತ್ತು ಬಿಸಿಲು ಬರಲಿ ಅಂತ ಕಾಯಬೇಕಿತ್ತು, ಕಾಯಲಿಲ್ಲ. ಉಳಿಯೂ ಮೊಂಡಾಗಿತ್ತು. ಸಂಜೆ ಮಸೆದರಾಯಿತು ಅಂದುಕೊಂಡೆ. ನಿಮ್ಮಮ್ಮ ಕಾಫಿಗೆ ಕರೆದಳು ಅಂತ ಎದ್ದು ಒಳಗೆ ಹೋದೆ. ಲೋಟ ಕೈಗೆ ತಗೊಳ್ಳುವಷ್ಟರಲ್ಲಿ "ತಾತ" ಅಂದಳು. ಎಡಗೈ ಹೆಬ್ಬೆರಳಿನ ಬುಡ. ಎರಡು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ಅವಳು ಅತ್ತಿದ್ದು ಇಂಜೆಕ್ಷನ್‌ಗೆ ಮಾತ್ರ. ಅವತ್ತೇ ನಿನಗೆ ಹೇಳದೆ ಮರುದಿನದವರೆಗೆ ಮುಚ್ಚಿಟ್ಟಿದ್ದು ಇನ್ನೊಂದು ತಪ್ಪು. ಅದಕ್ಕೂ ಕ್ಷಮಿಸು.

ಆದರೆ ಆ ಎರಡು ಹೊಲಿಗೆಗೆ ಮುಂಚೆ ಇಪ್ಪತ್ತೈದು ದಿನ ಇತ್ತಲ್ಲ, ಅದು ನಿನಗೆ ಗೊತ್ತಾಗಬೇಕು.

ನೀನು ಬಿಟ್ಟು ಹೋದ ಮೇಲೆ ಎರಡು ದಿನ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಮೂರನೇ ದಿನ ನಿಮ್ಮಮ್ಮ ಹುಳಿಗೆ ಬೆಂಡೆಕಾಯಿ ಹೆಚ್ಚುತ್ತಿದ್ದಳು. ತೊಟ್ಟಿನ ತುಂಡು ಎತ್ತಿಕೊಂಡು ಚಿನ್ನು "ತಾತ, ಹೂವು" ಅಂದಳು. ಕುಂಕುಮದ ನೀರಲ್ಲಿ ಅದ್ದಿ, ಹಳೇ ಲಗ್ನಪತ್ರಿಕೆಯ ಹಿಂದೆ ಒತ್ತಿ ತೋರಿಸಿದೆ. ಐದೆಸಳಿನ ಹೂವು ಬಂತು. ಅವತ್ತಿಂದ ಅಡುಗೆಮನೆಯಲ್ಲಿ ತರಕಾರಿ ಉಳಿಯಲಿಲ್ಲ. ಹಾಗಲಕಾಯಿ, ಈರುಳ್ಳಿ, ಆಲೂಗಡ್ಡೆ. ಕೊಯ್ದ ತಕ್ಷಣ ಒತ್ತಿದರೆ ನೀರು ಬಿಟ್ಟು ಬಣ್ಣ ಹರಡುತ್ತೆ. ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲು ಹಾಕಬೇಕು. ಅದನ್ನು ಅವಳೇ ಕಂಡುಹಿಡಿದಳು. ಬಾಳೆಪಟ್ಟೆಯ ಅಚ್ಚು ನೋಡಿದ್ದೀಯಾ ನೀನು? ಅಡ್ಡ ಕೊಯ್ದರೆ ಒಳಗೆ ಜೇನುಗೂಡಿನ ಹಾಗೆ ಕಿಂಡಿ ಕಿಂಡಿ. ಹಿತ್ತಲಲ್ಲಿ ಇಷ್ಟು ವರ್ಷದಿಂದ ಬಾಳೆ ಇದೆ, ನಾನೂ ನೋಡಿರಲಿಲ್ಲ.

ಗೋಕುಲಾಷ್ಟಮಿಗೆ ಮುಷ್ಟಿಯನ್ನು ಅಕ್ಕಿಹಿಟ್ಟಿನ ನೀರಲ್ಲಿ ಅದ್ದಿ ಕೃಷ್ಣನ ಪಾದ ಒತ್ತುವುದನ್ನು ನಿಮ್ಮಮ್ಮ ಹೇಳಿಕೊಟ್ಟಳು. ಬಾಗಿಲಿಂದ ದೇವರ ಮನೆವರೆಗೆ ಪುಟ್ಟ ಪುಟ್ಟ ಹೆಜ್ಜೆ. "ಇದೂ ಪ್ರಿಂಟಾ ತಾತ?" ಅಂದಳು. ಹೌದು ಅಂದೆ. ನಮ್ಮ ಮನೆಗಳಲ್ಲಿ ಪ್ರೆಸ್ಸು ಬರುವ ಮೊದಲೂ ಅಚ್ಚು ಇತ್ತು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಿರಲಿಲ್ವಾ ನಿಮ್ಮಜ್ಜಿ? ಮಂಗಳೂರಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆದರು, ಸೀಸದ ಅಚ್ಚುಮೊಳೆಯಲ್ಲಲ್ಲ, ಅಂತಲೂ ಹೇಳಿದೆ. ಕಲ್ಲಲ್ಲಿ ಹೇಗೆ ಅಂತ ಅವಳು ಕೇಳಿದ ಪ್ರಶ್ನೆಗೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಎರಡನೇ ವಾರ ಅಟ್ಟ ಹತ್ತಿದೆ. ಒಣಗುತ್ತಿರುವ ಕಾಯಿಗಳ ಹಿಂದೆ ನನ್ನ ಟ್ರಂಕು ಇದೆಯಲ್ಲ, ಅದರಲ್ಲಿ ಉಳಿಗಳಿದ್ದವು. ಜಾತ್ರೆಯ, ನಾಟಕದ ಪೋಸ್ಟರಿಗೆ ಬೇಕಾದಷ್ಟು ದೊಡ್ಡ ಅಕ್ಷರದ ಮೊಳೆ ನಮ್ಮ ಪ್ರೆಸ್ಸಿನಲ್ಲಿ ಇರಲಿಲ್ಲ, ಮನೆಗೆ ಲಿನೋ ತಂದು ರಾತ್ರಿ ಕೆತ್ತುತ್ತಿದ್ದೆ, ಆ ಉಳಿಗಳೇ. ಕೆತ್ತಿದ್ದು ಬಿಳಿ, ಬಿಟ್ಟಿದ್ದು ಕಪ್ಪು. ಅದನ್ನು ತೋರಿಸಲು ನಂದಲಾಲ್ ಬೋಸರ ಗಾಂಧೀಜಿ ಚಿತ್ರವನ್ನು ಹುಡುಕಿ ಕೊಟ್ಟೆ. 1930ರಲ್ಲಿ ದಂಡಿ ಯಾತ್ರೆಯ ಹೊತ್ತಿಗೆ ಮಾಡಿದ ಲಿನೋ. ಕಗ್ಗತ್ತಲಲ್ಲಿ ಕೋಲು ಹಿಡಿದ ಮುದುಕ, ಬರೀ ಬಿಳಿ ಗೆರೆ. ಚಿನ್ನು ತುಂಬ ಹೊತ್ತು ನೋಡಿ, "ಇಷ್ಟೇನಾ ಕೆತ್ತಿರೋದು?" ಅಂದಳು. ಆ ಮೇಲೆ ಅವಳೂ ಗೆರೆ ಕಡಿಮೆ ಮಾಡಿದಳು.

ಅವಳು ಕೆತ್ತಿದ್ದು ನಮ್ಮ ಬೆಕ್ಕು. ಮಸಿಯನ್ನು ಗಾಜಿನ ಮೇಲೆ ಹರಡಿ ರೋಲರ್ ಎಳೆಯುವಾಗ ಒಗ್ಗರಣೆ ಸಣ್ಣಗೆ ಚಿಟಿಗುಟ್ಟುವ ಸದ್ದು ಬರಬೇಕು, ಆಗಲೇ ಹದ. ಎರಡೇ ದಿನದಲ್ಲಿ ಆ ಸದ್ದು ಅವಳ ಕಿವಿಗೆ ಹತ್ತಿತು. ಪ್ರೆಸ್ಸು ಎಲ್ಲಿಂದ ತರುವುದು? ಚೆನ್ನಾಗಿ ಹೆರೆದು ನುಣುಪು ಮಾಡಿದ ತೆಂಗಿನ ಚಿಪ್ಪಿನ ಬೆನ್ನಿನಿಂದ ಕಾಗದ ಉಜ್ಜಿದೆವು. ಮೊದಲನೇ ಪ್ರತಿ ತೆಳುವಾಗಿ ಬಂತು, ಯಾವಾಗಲೂ ಹಾಗೇ. ಅವಳ ಮುಖ ಸಣ್ಣದಾಯಿತು. ನಾಲ್ಕನೆಯದಕ್ಕೆ ಕಾಗದದ ಮೂಲೆ ಹಿಡಿದು ಎತ್ತುವಾಗ ಉಸಿರು ಬಿಗಿ ಹಿಡಿದಿದ್ದಳು. ಚರ್ರ್ ಅಂತ ಬಿಟ್ಟುಕೊಂಡಿತು. ಮೀಸೆ, ಬಾಲ, ಒಂದು ಕಿವಿ ಇನ್ನೊಂದಕ್ಕಿಂತ ದೊಡ್ಡದು. ಆ ನಾಲ್ಕನೆಯದನ್ನೇ ಈ ಪತ್ರದ ಜೊತೆ ಇಟ್ಟಿದ್ದೇನೆ. ಮಡಚಬೇಡ.

ಹನ್ನೊಂದು ಪ್ರತಿ ಆದ ಮೇಲೆ ಕೆಳಗೆ "ಬೆಕ್ಕು" ಅಂತ ಹೆಸರೂ ಬೇಕು ಅಂದಳು. ಬಟರ್ ಪೇಪರಿನ ಮೇಲೆ ಬರೆದು, ಮಗುಚಿ ಹಾಕಿ ಉಜ್ಜಿ ಅಚ್ಚಿಳಿಸಿದೆವು. ಉಳಿ ಜಾರಿದ್ದು ಕ ಒತ್ತು ಕೆತ್ತುವಾಗ.

ಶೋಭಾ, ಈಗ ಆ ಇನ್ನೊಂದು ವಿಷಯ. 1994ರ ಮೇ. ನಡೆದದ್ದು ನಿನಗೂ ಗೊತ್ತು, ನನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದನ್ನು ಮಾತ್ರ ಬರೆಯುತ್ತೇನೆ.

ಆ ವರ್ಷ ಏಪ್ರಿಲ್‌ನಲ್ಲಿ ಲಗ್ನಪತ್ರಿಕೆ ಕೆಲಸ ವಿಪರೀತ. ಮಂಡಿಯವರ ಬಿಲ್ ಪುಸ್ತಕಗಳು ಬೇರೆ. ರಾತ್ರಿ ಹತ್ತರವರೆಗೂ ಪ್ರೆಸ್ಸು ಓಡುತ್ತಿತ್ತು. ಟ್ರೆಡಲ್ ಮೆಷಿನ್ನಿಗೆ ಕಾಗದ ಕೊಡುತ್ತಿದ್ದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಕಾಗದ ಸೊಟ್ಟ ಕೂತಿತು ಅಂತ ಸರಿ ಮಾಡಲು ಕೈ ಹಾಕಿದ. ಮೆಷಿನ್ ಬಾಯಿ ಮುಚ್ಚಿತು. ಬಲಗೈಯ ಮೂರು ಬೆರಳು. ನನ್ನ ಟವೆಲ್ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ದಾರಿಯುದ್ದಕ್ಕೂ ಅವನು "ಮನೇಲಿ ಹೇಳ್ಬೇಡಿ ಅಣ್ಣ" ಅನ್ನುತ್ತಿದ್ದ. ಮನೆಗೆ ಬಂದಾಗ ಟವೆಲ್ ಎಲ್ಲಿ ಅಂತ ನಿಮ್ಮಮ್ಮ ಕೇಳಿದಳು. ಪ್ರೆಸ್ಸಲ್ಲಿ ಮರೆತೆ ಅಂದೆ. ಇವತ್ತಿಗೂ ಅವಳಿಗೆ ಗೊತ್ತಿಲ್ಲ. ನೀನೇ ಮೊದಲು ಓದುತ್ತಿರುವುದು.

ಅದಾಗಿ ಒಂದು ತಿಂಗಳಿಗೆ, ಮಧ್ಯಾಹ್ನ ನಿದ್ದೆಯಿಂದ ಎದ್ದರೆ ನಿನ್ನ ಕೈಯಲ್ಲಿ ಉಳಿ. ನನಗೆ ನೀನು ಕಾಣಲಿಲ್ಲ. ನಿನ್ನ ಬೆರಳು ಮಾತ್ರ ಕಂಡವು. ಹೊಡೆದೆ. ನೀನು ಕೆತ್ತುತ್ತಿದ್ದ ತುಂಡನ್ನು ಕಿತ್ತುಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದೆ.

ಲಿನೋ ಅಂದರೆ ಅಗಸೆ ಎಣ್ಣೆ, ಕಾರ್ಕಿನ ಪುಡಿ, ಹಿಂದೆ ಗೋಣಿಬಟ್ಟೆ. ಹೊಗೆ ಕಾರುತ್ತ ನಿಧಾನಕ್ಕೆ ಉರಿಯುತ್ತೆ. ನಾನು ಒಲೆಯ ಮುಂದೆ ನಿಂತೇ ಇದ್ದೆ. ತೆಂಗಿನ ಮರ, ಅದರ ಕೆಳಗೆ ನಿನ್ನ ಹೆಸರು. ನಾನು ಮೊಳೆ ಜೋಡಿಸುವವನು. ತಿರುಗು ಅಕ್ಷರ ನನಗೆ ನೇರ ಅಕ್ಷರದಷ್ಟೇ ಸಲೀಸು. ಓದಿದೆ. ಶೋ ಬಲತುದಿಯಲ್ಲಿ, ಅದರ ದೀರ್ಘ ಎಡಕ್ಕೆ, ಆಚೆಗೆ ಭಾ. ಭ ಅಕ್ಷರದ ಕೆಳಗಿನ ಸೀಳನ್ನೂ ನೀನು ಬಿಟ್ಟಿರಲಿಲ್ಲ. ಒಂದೂ ತಪ್ಪಿರಲಿಲ್ಲ ಮಗಳೇ. ಬಟರ್ ಪೇಪರ್ ಇರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ವರ್ಷದ ಹುಡುಗಿ, ನಾನು ಕೆಲಸ ಮಾಡುವುದನ್ನು ನೋಡಿ ನೋಡಿಯೇ ಕಲಿತಿದ್ದೆ. ನಿನ್ನ ಬೆರಳಿಗೆ ಒಂದು ಗೀರೂ ಆಗಿರಲಿಲ್ಲ. ಎಡಗೈಯನ್ನು ಉಳಿಯ ಹಿಂದೆಯೇ ಇಟ್ಟುಕೊಂಡಿದ್ದೆ. ನಾನು ಇಟ್ಟುಕೊಳ್ಳುವ ಹಾಗೆಯೇ.

ಇಕ್ಕಳ ಅಲ್ಲೇ ಗೋಡೆಗೆ ಒರಗಿತ್ತು. ತೆಗೆಯಬಹುದಿತ್ತು. ತೆಗೆಯಲಿಲ್ಲ. ಹೊಡೆದ ಕೈ ತಾನೇ ಹೋಗಿ ಅದನ್ನು ಹೊರಗೆ ತೆಗೆಯುವುದು ಹೇಗೆ ಅನ್ನಿಸಿತು. ಒಂದು ಪ್ರತಿಯೂ ಬರಲಿಲ್ಲ ಅದರಿಂದ. ನೀನು ಆಮೇಲೆ ಮಸಿಯ ಹತ್ತಿರ ಬರಲಿಲ್ಲ. ಭಯ ಹೋಗಲಿ, ಓದಿನ ಕಡೆ ಗಮನ ಬಂತು ಅಂತ ನಾನು ಸಮಾಧಾನ ಮಾಡಿಕೊಂಡೆ. ನೀನು ಓದಿದೆ, ಇಂಜಿನಿಯರ್ ಆದೆ, ನಮ್ಮ ಬೀದಿಯಲ್ಲಿ ಮೊದಲು ಆಗಿದ್ದು ನೀನೇ. ಅವತ್ತು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆದರೆ ಆ ಅಕ್ಷರಗಳ ಬಗ್ಗೆ ನಿನಗೆ ಒಂದು ಮಾತು ಹೇಳಲಿಲ್ಲ.

ಚಿನ್ನು ಉಳಿ ಕೇಳಿದಾಗ ನಾನು ಯೋಚಿಸಲಿಲ್ಲ ಅಂದುಕೊಳ್ಳಬೇಡ. ಇಡೀ ರಾತ್ರಿ ಯೋಚಿಸಿದೆ. ನಿನಗೆ ಮಾಡಿದ್ದನ್ನು ಅವಳಿಗೂ ಮಾಡಬಾರದು ಅಂತ ಕೊಟ್ಟೆ. ಅದು ನಿನಗೆ ಇನ್ನೊಂದು ಅನ್ಯಾಯವಾಗಿ ಕಾಣುತ್ತೆ ಅಂತ ನನಗೆ ಹೊಳೆಯಲಿಲ್ಲ.

ಈಗ ದಯವಿಟ್ಟು ಅವಳಿಂದ ಉಳಿ ದೂರ ಇಡಬೇಡ. ಹಿಡಿಯುವುದನ್ನು ಹೇಳಿಕೊಡು. ಎಡಗೈ ಯಾವಾಗಲೂ ಉಳಿಯ ಹಿಂದೆ ಇರಬೇಕು. ತಿರುವಿನಲ್ಲಿ ಉಳಿಯನ್ನು ತಿರುಗಿಸಬಾರದು, ಲಿನೋವನ್ನೇ ತಿರುಗಿಸಬೇಕು. ಒಂದು ಹಲಗೆಗೆ ಕೆಳಗೊಂದು, ಮೇಲೊಂದು ಪಟ್ಟಿ ಹೊಡೆದರೆ ಕೆಳಗಿನದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತೆ, ಲಿನೋ ಮೇಲಿನ ಪಟ್ಟಿಗೆ ಆನಿಕೊಂಡು ಅಲ್ಲಾಡುವುದಿಲ್ಲ. ಗುರುವಾರ ನಾನು ಆ ಹಲಗೆ ಇಟ್ಟಿರಲಿಲ್ಲ. ಆಳಕ್ಕೆ ಹೋಗಬಾರದು, ಗೋಣಿಬಟ್ಟೆ ಕಂಡರೆ ಜಾಸ್ತಿ ಆಯಿತು ಅಂತ ಅರ್ಥ. ಹರಿತವಾದ ಉಳಿಗೆ ಹೆದರಬೇಡ. ಮೊಂಡಾದದ್ದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗಲೇ ಜಾರುವುದು. ದೊಡ್ಡವರು ಪಕ್ಕದಿಂದ ಏಳಬಾರದು, ಕಾಫಿಗೂ ಏಳಬಾರದು.

ಇನ್ನೊಂದು ಮಾತು. ಬರೆಯಬಾರದು ಅಂತಿದ್ದೆ. ಅವಳನ್ನು ಈಗ ಮತ್ತೆ ಆ ಆನ್‌ಲೈನ್ ಕ್ಲಾಸಿಗೆ ಸೇರಿಸಿದ್ದೀಯಂತೆ. ಒಂಬತ್ತು ವರ್ಷದ ಮಗು ಕಣಮ್ಮ. ರಜೆಯಲ್ಲೂ ಲೆಕ್ಕವಾ? ಇಲ್ಲಿ ಅವಳು ಹನ್ನೊಂದು ಕಾರ್ಡನ್ನು ಎಷ್ಟು ಜನಕ್ಕೆ ಹಂಚಬೇಕು, ಎಷ್ಟು ಮಸಿ ಬೇಕು, ಎಷ್ಟು ಕಾಗದ ಬೇಕು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಿಟ್ಟು ಹೋಗಿದ್ದಾಳೆ. ಅಳಿಸಿಲ್ಲ ನಾನು. ನಿನಗೆ ಕೆಲಸದ ಒತ್ತಡ ಎಷ್ಟಿದೆ ಅಂತ ಗೊತ್ತು, ನಿನ್ನನ್ನು ದೂರುತ್ತಿಲ್ಲ. ಸಂಜೆ ಏಳಕ್ಕೆ ಮನೆಗೆ ಬಂದು ಅನ್ನ ಮಾಡಿ ಹಾಕುವವಳಿಗೆ ಬೆಂಡೆಕಾಯಿ ಅಚ್ಚು ಒತ್ತಿಸು ಅನ್ನಲು ನನಗೆ ಏನು ಹಕ್ಕು? ಆದರೂ ಭಾನುವಾರ ಒಂದು ಗಂಟೆ ಕೂತುಕೋ ಅವಳ ಜೊತೆ. ಅವಳಿಗಾಗಿ ಮಾತ್ರ ಹೇಳುತ್ತಿಲ್ಲ.

ಬೆಕ್ಕಿನ ಲಿನೋ ಹಾಗೇ ಇದೆ. ಒತ್ತಿನ ಪಕ್ಕ ಉಳಿ ಜಾರಿದ ಗೆರೆ ಉದ್ದಕ್ಕೆ ಬಿದ್ದಿದೆ. ಅದನ್ನು ಮುಟ್ಟಿಲ್ಲ, ಅವಳೇ ಏನು ಮಾಡಬೇಕೋ ಮಾಡಲಿ. ಉಳಿಗಳನ್ನೆಲ್ಲ ನಿನ್ನೆ ಕೂತು ಮಸೆದಿದ್ದೇನೆ. ಹಲಗೆಗೆ ಪಟ್ಟಿ ಹೊಡೆದಿದ್ದೇನೆ, ಎರಡು ಹಲಗೆ.

ಹೊಲಿಗೆ ಬಿಚ್ಚಿಸಿ, ಗಾಯ ಮಾಗಿದ ಮೇಲೆ ಒಂದು ಶನಿವಾರ ಬಂದು ಭಾನುವಾರ ಹೋಗಿ. ಸ್ಕೂಲು ಶುರುವಾಗುವ ಮೊದಲು ಬರೋಕಾಗುತ್ತಾ ನೋಡು. ಅಳಿಯಂದಿರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಬೇಕಾದರೆ. ಹೊಸ ಲಿನೋ ಎರಡು ತುಂಡು ಇದೆ. ಒಂದರ ಹಿಂದೆ ಪೆನ್ಸಿಲಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಬಿಸಿಲಿಗಿಟ್ಟು ಕೊಡುತ್ತೇನೆ.

ಬರುವಾಗ ಅವೆನ್ಯೂ ರೋಡಿನಲ್ಲಿ ಕಪ್ಪು ಬ್ಲಾಕ್ ಪ್ರಿಂಟಿಂಗ್ ಇಂಕ್ ಒಂದು ಟ್ಯೂಬು ತಗೊಂಡು ಬಾ. ನೀರಿನಲ್ಲಿ ತೊಳೆಯುವಂಥದ್ದು ಕೇಳು. ಈ ಬಿಸಿಲಿಗೆ ಅದು ಗಾಜಿನ ಮೇಲೇ ಒಣಗಿಬಿಡುತ್ತೆ, ಆದರೆ ಎರಡು ಹನಿ ಗ್ಲಿಸರಿನ್ ಹಾಕಿಕೊಂಡರೆ ನಡೆಯುತ್ತೆ. ಗ್ಲಿಸರಿನ್ ಇಲ್ಲೇ ಸಿಗುತ್ತೆ, ನಾನು ತಂದಿಟ್ಟಿರುತ್ತೇನೆ.

ಇಂತಿ,
ನಿನ್ನ ಅಪ್ಪ