ಮನೆಮನೆಯ ಫೋಟೊಗಳನ್ನು ಉಳಿಸಿಕೊಳ್ಳೋಣ

ಮಾನ್ಯರೇ,

ಜೆಪ್ಪುವಿನ ನಮ್ಮ ಹಳೆಯ ಮನೆಯ ಅಟ್ಟ ಗುಡಿಸುವಾಗ ಒಂದು ಫೋಟೊ ಸಿಕ್ಕಿತು. ಹೆಂಚಿನ ಕಾರ್ಖಾನೆಯ ಅಂಗಳದಲ್ಲಿ ಹದಿನಾಲ್ಕು ಹೆಂಗಸರು, ತಲೆಯ ಮೇಲೆ ಸಿಂಬಿ, ಮೊಣಕೈವರೆಗೆ ಮಣ್ಣು. ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡು ಮೂವರ ಮುಖ ಅಳಿಸಿಹೋಗಿದೆ. ಎಡದಿಂದ ಎರಡನೆಯವರು ನನ್ನ ಅಜ್ಜಿ. ಉಳಿದವರು ಯಾರೆಂದು ಹೇಳಬಲ್ಲವರು ದೊಡ್ಡಮ್ಮ ಒಬ್ಬರೇ. ಅವರಿಗೀಗ ತೊಂಬತ್ತರ ಹತ್ತಿರ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಪುಸ್ತಕಗಳಲ್ಲಿದೆ. ಮಿಷನ್ನಿನ ಕಾಲದ ಚಿತ್ರಗಳು ದೂರದ ಸ್ವಿಟ್ಜರ್ಲೆಂಡಿನಲ್ಲಿ ಜೋಪಾನವಾಗಿವೆ. ಆದರೆ ನೇತ್ರಾವತಿಯ ದಡದ ಆವೆಮಣ್ಣನ್ನು ಹದ ಮಾಡಿದವರು, ಹಸಿ ಹೆಂಚು ಹೊತ್ತವರು, ಬಂದರಿನಲ್ಲಿ ಹೆಂಚನ್ನು ಹಡಗಿಗೆ ತುಂಬಿದವರು ಮಧ್ಯಾಹ್ನ ಏನು ಉಂಡರು, ಕೂಸುಗಳನ್ನು ಯಾರ ಬಳಿ ಬಿಟ್ಟು ಬಂದರು? ಅದೆಲ್ಲ ಇರುವುದು ಹಿರಿಯರ ಬಾಯಲ್ಲಿ, ಮನೆಗಳ ಟ್ರಂಕುಗಳಲ್ಲಿ. ಟ್ರಂಕಿಗೆ ಗೆದ್ದಲು ಹಿಡಿಯುತ್ತಿದೆ.

ಪಾಲಿಕೆಯೂ ಕಾಲೇಜುಗಳ ಇತಿಹಾಸ ವಿಭಾಗಗಳೂ ಕೈಜೋಡಿಸಿ ವಾರ್ಡಿಗೊಂದು ದಿನ ಗೊತ್ತುಮಾಡಲಿ. ಫೋಟೊಗಳನ್ನು ಮನೆಯವರ ಎದುರೇ ಸ್ಕ್ಯಾನ್ ಮಾಡಿ ಅಲ್ಲೇ ಹಿಂದಿರುಗಿಸಲಿ. ಒಮ್ಮೆ ಕೊಟ್ಟದ್ದು ಮರಳಿ ಬಾರದ ನೋವು ನಮ್ಮ ಮನೆಯಲ್ಲಿಯೂ ಇದೆ. ತುಳು, ಕೊಂಕಣಿ, ಬ್ಯಾರಿ, ಹಿರಿಯರು ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅದರಲ್ಲೇ ಧ್ವನಿಮುದ್ರಿಸಿಕೊಳ್ಳಲಿ. ಕನ್ನಡಕ್ಕೆ ತರುವುದು ಆಮೇಲಿನ ಕೆಲಸ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ, ಮೊಬೈಲ್ ಮತ್ತು ಕೇಳುವ ತಾಳ್ಮೆ ಸಾಕು.

ಈ ಭಾನುವಾರ ಫೋಟೊ ಹಿಡಿದುಕೊಂಡು ದೊಡ್ಡಮ್ಮನ ಬಳಿಗೆ ಹೋಗುತ್ತಿದ್ದೇನೆ. ಹಿಂಬದಿಯಲ್ಲಿ ಹೆಸರು ಬರೆದುಕೊಳ್ಳಲು ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದೇನೆ.

– ಓದುಗ, ಜೆಪ್ಪು, ಮಂಗಳೂರು